ಮೂಕ ದಿನದ ಕೂಲಿ

ಗುರುವಾರ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವಾಗಲೇ ಝೆಫರೀನುವಿಗೆ ಗೊತ್ತಾಗಿತ್ತು, ಇವತ್ತು ಕಾರ್ಕ್ ಮರ ತೊಗಟೆ ಬಿಡುವುದಿಲ್ಲ ಎಂದು. ಮೂಗಿನ ಹೊಳ್ಳೆಗಳು ಒಳಗೆಲ್ಲ ಒಣಗಿ ಬಿರಿದಿದ್ದವು. ಸ್ಪೇನಿನ ಕಡೆಯಿಂದ ಬರುವ ಬಿಸಿಗಾಳಿ, ಊರವರು ಸುವಾವ್ ಎಂದು ಶಾಪ ಹಾಕುವ ಗಾಳಿ, ಎದ್ದುಬಿಟ್ಟಿತ್ತು. ಹೆಂಡತಿ ದೊರೊತೇಯಾ ಬ್ರೆಡ್ಡಿನ ಮೇಲೆ ಆಲಿವ್ ಎಣ್ಣೆ ಸುರಿದು ಮುಂದಿಟ್ಟಳು. ಅವಳಿಗೂ ಗಾಳಿ ಗೊತ್ತಾಗಿತ್ತು. ಇವತ್ತು ಒಂದು ದಿನ ಬಾಯಿ ಮುಚ್ಚಿಕೊಂಡಿರಿ ಎಂದಷ್ಟೇ ಹೇಳಿದಳು. ಝೆಫರೀನು ಬ್ರೆಡ್ಡು ಮುರಿದು ಬಾಯಿಗಿಟ್ಟ. ಬಾಯಿ ಮುಚ್ಚಿಕೊಂಡಿರುವುದು ಅವನಿಂದ ಐವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಆಗಿರಲಿಲ್ಲ.

ಜಗಳ ಸೋಮವಾರವೇ ಶುರುವಾಗಿತ್ತು. ವಾಲ್ ದ ಕೊರೂಜಾ ಎಸ್ಟೇಟಿನ ಹಳೇ ಯಜಮಾನಿ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಮಕ್ಕಳಿರುವುದು ಲಿಸ್ಬನ್ನಿನಲ್ಲಿ. ಕಾರ್ಕ್ ಮರ ಯಾವುದು, ಆಲಿವ್ ಮರ ಯಾವುದು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ಮಕ್ಕಳು. ಅವರು ಒಬ್ಬ ಎಂಜಿನಿಯರನನ್ನು ತಂದು ನಿರ್ದೇಶಕನನ್ನಾಗಿ ಕೂರಿಸಿದರು. ಹೆಸರು ಲೊರೆನ್ಸು ವಾಸ್ಕೆಸ್, ವಯಸ್ಸು ಮೂವತ್ತೆಂಟು, ಶೂ ಮೇಲೆ ಒಂದು ಚೂರು ಧೂಳಿಲ್ಲ. ಸೋಮವಾರ ಅವನು ತೂಕದ ಶೆಡ್ಡಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ. ದಿನಕ್ಕೆ ನೂರಮೂವತ್ತು ಯೂರೋ ಇದ್ದ ಕೂಲಿ ಎಪ್ಪತ್ತೈದಕ್ಕೆ ಇಳಿಯಿತು. ಅದರ ಮೇಲೆ, ಇಳಿಸಿದ ತೊಗಟೆಯ ತೂಕ ನೋಡಿ ಹೆಚ್ಚುವರಿ ಹಣ. ಹೆಚ್ಚು ಇಳಿಸಿದವನಿಗೆ ಹೆಚ್ಚು. ಹಾಳೆಯ ಕೊನೆಯಲ್ಲಿ ಒಂದೇ ಸಾಲು: ಕೆಲಸ ಮಾಡದ ದಿನಕ್ಕೆ ಕೂಲಿ ಇಲ್ಲ.

ಆ ಕೊನೆಯ ಸಾಲು ಯಾರ ಕುತ್ತಿಗೆಗೆ ಎಂದು ಹನ್ನೆರಡು ಜನ ಕೊಡಲಿಯಾಳುಗಳಿಗೂ ಗೊತ್ತಿತ್ತು. ಕಾರ್ಕ್ ಮರದ ತೊಗಟೆ ಒಂಬತ್ತು ವರ್ಷಕ್ಕೊಮ್ಮೆ ಇಳಿಸುವಂಥದ್ದು. ಹೊರಗಿನ ದಪ್ಪ ತೊಗಟೆಯ ಹಿಂದೆ ಒಂದು ತೆಳುವಾದ ಒಳಪದರ ಇರುತ್ತದೆ. ಇಲ್ಲಿಯವರು ಅದನ್ನು ತಾಯಿ ಎನ್ನುತ್ತಾರೆ. ಮುಂದಿನ ಒಂಬತ್ತು ವರ್ಷದ ತೊಗಟೆ ಹುಟ್ಟುವುದು ಅದರಿಂದಲೇ. ಕೊಡಲಿ ಹೊರಗಿನದನ್ನು ಸೀಳಬೇಕು, ತಾಯಿಯನ್ನು ಮುಟ್ಟಬಾರದು. ಇವೆರಡರ ನಡುವೆ ಇರುವುದು ಒಂದು ಕೂದಲೆಳೆ. ಮರದಲ್ಲಿ ರಸ ಹರಿಯುತ್ತಿದ್ದರೆ ತೊಗಟೆ ಬಾಳೆಹಣ್ಣಿನ ಸಿಪ್ಪೆ ಹಾಗೆ ಬಿಟ್ಟುಕೊಳ್ಳುತ್ತದೆ. ಸುವಾವ್ ಬೀಸಿದ ದಿನ ರಸ ಹಿಂಜರಿದು, ತೊಗಟೆ ತಾಯಿಗೆ ಅಂಟಿಕೊಂಡುಬಿಡುತ್ತದೆ. ಅವತ್ತು ಎಳೆದರೆ ಎರಡೂ ಒಟ್ಟಿಗೆ ಹರಿದು ಬರುತ್ತವೆ. ಆ ಜಾಗದಲ್ಲಿ ಮತ್ತೆ ತೊಗಟೆ ಹುಟ್ಟುವುದಿಲ್ಲ, ಗಂಟು ಹುಟ್ಟುತ್ತದೆ.

ಅದಕ್ಕೇ ಈ ಎಸ್ಟೇಟಿನಲ್ಲಿ ಒಂದು ಕಟ್ಟುಪಾಡು ಇತ್ತು. ಬೆಳಿಗ್ಗೆ ಎಲ್ಲರೂ ಮೊದಲ ಮರದ ಸುತ್ತ ನಿಲ್ಲುತ್ತಾರೆ. ಮೇಸ್ತ್ರಿ ಕೊಡಲಿಯ ಹಿಂಬದಿಯಿಂದ ಮರವನ್ನು ಬಡಿದು ಕಿವಿಗೊಡುತ್ತಾನೆ. ಸದ್ದು ಟೊಳ್ಳಾಗಿ ಕೇಳಿದರೆ ಕೊಡಲಿಯ ಬಾಯನ್ನು ಮರದ ಕಡೆ ತಿರುಗಿಸಿ ಮೊದಲ ಏಟು ಹಾಕುತ್ತಾನೆ. ಆ ಏಟು ಬಿತ್ತೆಂದರೆ ದಿನ ತೆರೆಯಿತು, ಎಲ್ಲರೂ ತಮ್ಮ ತಮ್ಮ ಮರಕ್ಕೆ ಹೋಗಬಹುದು. ಅದು ಬೀಳುವ ತನಕ ಯಾರೂ ಕೊಡಲಿ ಎತ್ತುವುದಿಲ್ಲ. ಸದ್ದು ಗಟ್ಟಿಯಾಗಿ, ಮೊಟಕಾಗಿ ಬಂದರೆ ಮೇಸ್ತ್ರಿ ಕೊಡಲಿ ಕೆಳಗಿಟ್ಟು ‘ಮೂಕ’ ಎನ್ನುತ್ತಾನೆ. ಅಂಥ ದಿನ ಅರ್ಧ ಕೂಲಿ ತೆಗೆದುಕೊಂಡು ಮನೆಗೆ. ಯಜಮಾನಿ ನಲವತ್ತು ವರ್ಷ ಈ ಅರ್ಧ ಕೂಲಿಯನ್ನು ಕೊಸರಾಡದೆ ಕೊಟ್ಟಿದ್ದಳು.

ಗುರುವಾರ ಎಂಜಿನಿಯರ್ ತಾನೇ ಮರದ ಹತ್ತಿರ ಬಂದು ನಿಂತಿದ್ದ. ತಿಂಗಳ ಕೊನೆಯೊಳಗೆ ನಾಲ್ಕು ಲಾರಿ ಸರಕು ಉತ್ತರದ ಬಾಟಲಿ ಬಿರಡೆ ಕಾರ್ಖಾನೆಗೆ ಹೋಗಬೇಕಿತ್ತು. ಒಂದೂವರೆ ಲಾರಿ ಮಾತ್ರ ತುಂಬಿತ್ತು. ಮೇಸ್ತ್ರಿ ಝೆಫರೀನು ಮರವನ್ನು ಬಡಿದ. ಇನ್ನೊಂದು ಕಡೆ ಬಡಿದ. ಕೊಡಲಿ ಕೆಳಗಿಟ್ಟ.

“ಮೂಕ,” ಎಂದ.

ಹನ್ನೊಂದು ಜನರೂ ಅಲುಗಾಡದೆ ನಿಂತರು. ಬೇರೆ ವರ್ಷವಾಗಿದ್ದರೆ ಇಷ್ಟು ಹೊತ್ತಿಗೆ ಯಾರೋ ಒಬ್ಬ ಸಿಗರೇಟು ಹಚ್ಚಿರುತ್ತಿದ್ದ. ಇವತ್ತು ಎಲ್ಲರ ಕಣ್ಣೂ ಎಂಜಿನಿಯರನ ಮೇಲಿತ್ತು. ಮೂಕ ಅಂದರೇನು ಎಂದು ಅವನು ಮರ್ಯಾದೆಯಿಂದಲೇ ಕೇಳಿದ. ಝೆಫರೀನು ವಿವರಿಸಿದ. ಮರ್ಯಾದೆಯಿಂದ ವಿವರಿಸಿದೆ ಎಂದು ಅವನು ಆಮೇಲೆ ಹೆಂಡತಿಗೆ ಹೇಳಿದ್ದು ನಿಜವಲ್ಲ.

ಎಂಜಿನಿಯರ್ ಎಲ್ಲವನ್ನೂ ಕೇಳಿಸಿಕೊಂಡು, ಅಂದರೆ ನೀವು ಮರಕ್ಕೆ ಎರಡು ಸಲ ಬಡಿದಿದ್ದಕ್ಕೆ ಹನ್ನೆರಡು ಜನಕ್ಕೆ ಅರ್ಧ ಕೂಲಿ ಕೊಡಬೇಕು ಅನ್ನುತ್ತೀರಿ ಎಂದ.

“ಬಡಿದಿದ್ದಕ್ಕಲ್ಲ ಸಾಹೇಬ್ರೇ. ಕಡೀದೇ ಇದ್ದಿದ್ದಕ್ಕೆ.”

“ಮೇಸ್ತ್ರಿ, ಏನೂ ಮಾಡದೇ ಇರೋದಕ್ಕೆ ಪ್ರಪಂಚದಲ್ಲಿ ಯಾರೂ ದುಡ್ಡು ಕೊಡಲ್ಲ.”

“ನಿಮಗೆ ಕೊಡ್ತಾರಲ್ಲ.”

ಹಿಂದೆ ಯಾರೋ ಕಿಸಕ್ಕೆಂದರು. ಎಂಜಿನಿಯರನಿಗೆ ಸಿಟ್ಟು ಬರಲಿಲ್ಲ, ಅದೇ ಝೆಫರೀನುವಿಗೆ ಇನ್ನಷ್ಟು ಸಿಟ್ಟು ಬರಿಸಿದ್ದು. ಎಂಜಿನಿಯರ್ ಮುಚ್ಚುಮರೆಯಿಲ್ಲದೆ ಹೇಳಿದ, ನನಗೆ ತಿಂಗಳಿಗೆ ಒಂಬತ್ತು ಸಾವಿರ ಯೂರೋ, ವರ್ಷದ ಕೊನೆಗೆ ಸಾಗಿಸಿದ ಸರಕಿನ ಮೇಲೆ ಒಂದು ಪಾಲು. ಕೇಳಿ, ನಾಚಿಕೆ ಇಲ್ಲ ನನಗೆ. ನಾನು ಬರೋದಕ್ಕೆ ಮುಂಚೆ ಈ ಎಸ್ಟೇಟು ಮೂರು ವರ್ಷ ನಷ್ಟದಲ್ಲಿತ್ತು. ಮಕ್ಕಳು ಇದನ್ನು ಸೋಲಾರ್ ವಿದ್ಯುತ್ತಿನ ಕಂಪನಿಗೆ ಮಾರೋಕೆ ಹೊರಟಿದ್ದರು. ಈ ಗುಡ್ಡದ ಮೇಲಿನ ಮರ ಎಲ್ಲ ಬುಡಸಮೇತ ಕಿತ್ತು ಗಾಜಿನ ಹಲಗೆ ಹಾಸುತ್ತಿದ್ದರು. ಕೊಳ್ಳುವವನನ್ನು ಹುಡುಕಿ, ಬೆಲೆ ಕುದುರಿಸಿ, ಮಕ್ಕಳ ಕಾಲು ಹಿಡಿದು ಅದನ್ನು ನಿಲ್ಲಿಸಿದ್ದು ನಾನು. ನಾನಿಲ್ಲದೆ ಹೋಗಿದ್ದರೆ ನಿಮಗೆ ಇವತ್ತು ಬಡಿಯೋಕೆ ಮರವೇ ಇರುತ್ತಿರಲಿಲ್ಲ. ಈಗ ಹೇಳಿ, ಯಾರ ಕೆಲಸಕ್ಕೆ ಎಷ್ಟು ಬೆಲೆ?

ಅದು ಸುಳ್ಳಲ್ಲ ಎಂದು ಝೆಫರೀನುವಿಗೆ ಗೊತ್ತಿತ್ತು. ಸುಳ್ಳಾಗಿದ್ದರೆ ಸುಲಭವಾಗಿತ್ತು. ಆದರೆ ಮರ ಉಳಿಸಿದೆ ಎನ್ನುವ ಮನುಷ್ಯ ಅದೇ ಬಾಯಲ್ಲಿ ಸುವಾವ್ ದಿನ ಅದಕ್ಕೆ ಕೊಡಲಿ ಹಾಕು ಎನ್ನುತ್ತಾನಲ್ಲ, ಅದಕ್ಕೇನು ಹೇಳುವುದು? ಮಾತಿನಲ್ಲಿ ಅವನನ್ನು ಗೆಲ್ಲುವುದು ತನ್ನಿಂದಾಗದು ಎನಿಸಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಲಿಸ್ಬನ್ನಿನಲ್ಲಿ ಓದಿದವನ ಎದುರು ಎಷ್ಟು ಹೊತ್ತು ನಿಲ್ಲುತ್ತಾನೆ? ಹಾಗಾದರೆ ಕಣ್ಣಿಗೇ ತೋರಿಸೋಣ ಎಂದುಕೊಂಡ. ಹರಿದ ತಾಯಿಯನ್ನು ನೋಡಿದ ಯಾವ ಮನುಷ್ಯನಾದರೂ ತಲೆ ತಗ್ಗಿಸುತ್ತಾನೆ. ಮೂವತ್ತಾರು ಬೇಸಿಗೆ ಕೊಡಲಿ ಹಿಡಿದ ಅವನಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ.

“ಬನ್ನಿ ಸಾಹೇಬ್ರೇ, ಹತ್ರ ಬನ್ನಿ. ಕಣ್ಣು ಬಿಟ್ಟು ನೋಡಿ,” ಎಂದು ಕೊಡಲಿ ಎತ್ತಿಕೊಂಡ.

ಮರದ ದೊಡ್ಡ ಬಿರುಕಿನ ಉದ್ದಕ್ಕೂ ಏಟು ಹಾಕಿದ. ಕೊಡಲಿಯ ಬಾಯನ್ನು ತಿರುಚಿದ. ತೊಗಟೆ ಕೀರೆಂದಿತು, ಬಿಡಲಿಲ್ಲ. ಹಿಡಿಯ ತುದಿಯನ್ನು ಸಂದಿಗೆ ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿ ಮೀಟಿದ. ಬಟ್ಟೆ ಹರಿದ ಸದ್ದಾಯಿತು. ಒಂದಾಳುದ್ದದ ತೊಗಟೆಯ ಹಲಗೆ ಕಿತ್ತುಬಂತು, ಅದರ ಒಳಮೈಗೆ ಹಸಿ ಹಳದಿ ತಾಯಿ ಅಂಗೈಯಗಲ ಅಂಗೈಯಗಲ ಅಂಟಿಕೊಂಡಿತ್ತು. ಮರದ ಮೇಲೆ ಬೆತ್ತಲೆ ಕಟ್ಟಿಗೆ ಬೆಳ್ಳಗೆ ಕಾಣಿಸಿತು. ಅದರ ಅಂಚಿನಲ್ಲಿ ನೀರು ಒಸರುತ್ತಿತ್ತು. ಝೆಫರೀನು ಇಂಥ ಗಾಯ ಮಾಡಿದ್ದು ಜೀವಮಾನದಲ್ಲಿ ಅದೇ ಮೊದಲು.

“ನೋಡಿದ್ರಾ?” ಎಂದ.

ಎಂಜಿನಿಯರ್ ನೋಡಿದ. ಹಲಗೆಯನ್ನು ಅಂಚಿನಲ್ಲಿ ಹಿಡಿದು ಎತ್ತಿ ಅದರ ಭಾರ ನೋಡಿದ. ಮುಖ ಅರಳಿತು.

“ಬರುತ್ತಲ್ಲ ಮೇಸ್ತ್ರಿ. ಸ್ವಲ್ಪ ಕಷ್ಟ ಅಷ್ಟೇ. ಕಷ್ಟಕ್ಕೆ ತಾನೇ ಹೆಚ್ಚಿಗೆ ಕೊಡ್ತಾ ಇರೋದು?”

ಝೆಫರೀನು ಬಾಯಿ ತೆರೆಯುವುದರೊಳಗೆ ಹಿಂದೆ ಕಾಲುಗಳು ಸರಿದಾಡಿದ ಸದ್ದಾಯಿತು. ತಿರುಗಿ ನೋಡಿದರೆ ಅಮಾರು ಕೊಡಲಿಯನ್ನು ಹೆಗಲಿಗೇರಿಸಿ ಪಕ್ಕದ ಮರದ ಕಡೆ ಹೊರಟಿದ್ದ. ಅಮಾರು ದೊರೊತೇಯಾಳ ತಮ್ಮ. ಝೆಫರೀನುವೇ ಕೆಲಸ ಕಲಿಸಿದ ಹುಡುಗ, ಈಗ ನಲವತ್ತೈದು. ಅವನ ಹಿಂದೆ ಇನ್ನಿಬ್ಬರು. ಆಮೇಲೆ ಎಲ್ಲರೂ.

ನಿಲ್ಲಿ ಎಂದು ಝೆಫರೀನು ಕೂಗಿದ. ಎಲ್ಲಿಗೆ ಹೋಗ್ತಾ ಇದೀರೋ, ದಿನ ಮೂಕ ಅಂದೆನಲ್ಲ ಎಂದ. ಅಮಾರು ನಿಂತು ತಿರುಗಿದ.

“ಏಟು ಹಾಕಿದ್ಯಲ್ಲ ಭಾವ. ಮೇಸ್ತ್ರಿ ಏಟು ಹಾಕಿದ ಮೇಲೆ ದಿನ ತೆರೀತು. ಕಟ್ಟುಪಾಡು ನಿಂದೇ.”

“ಅದು ತೋರ್ಸೋಕೆ ಹಾಕಿದ್ದು ಕಣೋ, ಬುದ್ಧಿ ಇಲ್ವಾ ನಿಂಗೆ?”

“ಮರಕ್ಕೆ ಅದು ಗೊತ್ತಾಯ್ತಾ?” ಎಂದು ಹೇಳಿ ಅಮಾರು ಹೊರಟೇಹೋದ.

ಝೆಫರೀನು ಅಲ್ಲೇ ನಿಂತ. ಸುತ್ತಲೂ ಕೊಡಲಿಗಳು ಬೀಳತೊಡಗಿದವು, ಗಟ್ಟಿಯಾಗಿ, ಮೊಟಕಾಗಿ. ಕಟ್ಟುಪಾಡು ಅವನದೇ. ಹತ್ತೊಂಬತ್ತು ವರ್ಷ ಮೇಸ್ತ್ರಿಯಾಗಿ ಅದನ್ನು ಕಾಯ್ದುಕೊಂಡು ಬಂದವನೂ ಅವನೇ. ಒಂದು ಸಲ ಒಬ್ಬ ಆಳು ಮೊದಲ ಏಟಿಗೆ ಮುಂಚೆ ಕೊಡಲಿ ಎತ್ತಿದ್ದಕ್ಕೆ ಅವನ ಕೆನ್ನೆಗೆ ಹೊಡೆದು ಮನೆಗೆ ಕಳಿಸಿದ್ದ. ಎಂಜಿನಿಯರ್ ಕರಿಯ ಕನ್ನಡಕ ಹಾಕಿಕೊಂಡು, ಇಷ್ಟು ಸುಲಭ ಇತ್ತಾ ಎನ್ನುವ ಹಾಗೆ ಒಬ್ಬೊಬ್ಬರನ್ನೇ ನೋಡುತ್ತಿದ್ದ.

ಮಧ್ಯಾಹ್ನದ ಊಟಕ್ಕೆ ಝೆಫರೀನುವಿನ ಪಕ್ಕ ಯಾರೂ ಕೂರಲಿಲ್ಲ. ಅವನೂ ಯಾರ ಪಕ್ಕಕ್ಕೂ ಹೋಗಲಿಲ್ಲ. ಸಾಸೇಜು, ಬ್ರೆಡ್ಡು ಹಾಗೆಯೇ ಚೀಲದಲ್ಲಿ ಉಳಿಯಿತು. ನಾಲ್ಕು ಗಂಟೆಗೆ ಟ್ರ್ಯಾಕ್ಟರು ಹಲಗೆಗಳನ್ನು ತೂಕದ ಶೆಡ್ಡಿಗೆ ತಂದಿತು. ತೂಕ ನೋಡುವುದು ಕುಸ್ಟೋಡಿಯಾ ಎನ್ನುವ ವಿಧವೆ, ಅರವತ್ತು ದಾಟಿದವಳು, ಗಂಡನೂ ಕೊಡಲಿಯಾಳೇ ಆಗಿದ್ದವನು. ಅವಳು ಹಲಗೆಗಳನ್ನು ಒಳಮೈ ಮೇಲೆ ಮಾಡಿ ಹಾಕಿಸಿದಳು. ಹಾಗೆ ಹಾಕುವ ಪದ್ಧತಿ ಇರಲಿಲ್ಲ. ಒಂದೊಂದರ ಮೇಲೂ ಹಸಿ ತಾಯಿ ಅಂಟಿಕೊಂಡಿತ್ತು. ನೊಣ ಮುತ್ತಿದ್ದವು.

ಬುಧವಾರಕ್ಕಿಂತ ಕಡಿಮೆ ಮರ ಇಳಿಸಿದ್ದರೂ ತೂಕ ಬುಧವಾರಕ್ಕಿಂತ ಹೆಚ್ಚು ಬಂದಿತ್ತು. ಎಂಜಿನಿಯರ್ ಎರಡು ಸಲ ಮುಳ್ಳು ನೋಡಿದ. ಹೇಗೆ ಎಂದು ಕೇಳಿದ.

“ಚರ್ಮದ ಜೊತೆ ಮಾಂಸಾನೂ ಕೊಯ್ದು ತಂದಿದಾರಪ್ಪ,” ಎಂದಳು ಕುಸ್ಟೋಡಿಯಾ. “ಮಾಂಸ ಭಾರ ಇರುತ್ತೆ. ನೀನು ತೂಕಕ್ಕೆ ದುಡ್ಡು ಕೊಡ್ತೀನಿ ಅಂದ್ಯಲ್ಲ, ನಾಳೆ ಬೇರು ಸಮೇತ ತಂದುಕೊಡ್ತಾರೆ.”

ಎಂಜಿನಿಯರ್ ನಕ್ಕ. ಅವನಿಗೆ ಅರ್ಥವಾಯಿತೋ ಇಲ್ಲವೋ ದೇವರಿಗೇ ಗೊತ್ತು. ಅರ್ಥವಾಗಿದ್ದರೂ ಅವನು ಈ ಎಸ್ಟೇಟಿನಲ್ಲಿ ಇರುವುದು ಹೆಚ್ಚೆಂದರೆ ಎರಡು ವರ್ಷ. ಈ ಮರಗಳು ಮತ್ತೆ ತೊಗಟೆ ಕೊಟ್ಟವೋ ಇಲ್ಲವೋ ಎಂದು ತಿಳಿಯುವುದು ಒಂಬತ್ತು ವರ್ಷದ ಮೇಲೆ. ಅಷ್ಟರಲ್ಲಿ ಅವನು ಇನ್ನೆಲ್ಲೋ ಇನ್ನೊಂದು ಬಾಗಿಲಿಗೆ ಹಾಳೆ ಅಂಟಿಸುತ್ತಿರುತ್ತಾನೆ. ಅವನ ಪಾಲು ಡಿಸೆಂಬರಿನಲ್ಲಿ ಬರುತ್ತದೆ, ಮರದ ಪಾಲು ಯಾವತ್ತೂ ಬರುವುದಿಲ್ಲ.

ಎಲ್ಲರೂ ಹೋದ ಮೇಲೆ ಎಂಜಿನಿಯರ್ ಝೆಫರೀನುವನ್ನು ಶೆಡ್ಡಿನ ನೆರಳಿಗೆ ಕರೆದ. ಈಗ ಅವನ ಮಾತಿನಲ್ಲಿ ಬೆಳಗಿನ ಬಿಗಿ ಇರಲಿಲ್ಲ, ವ್ಯಾಪಾರಿಯ ನಯ ಇತ್ತು. ಬೆಳಿಗ್ಗೆ ನಿಮ್ಮ ಬೆಲೆ ನನಗೆ ಗೊತ್ತಿರಲಿಲ್ಲ ಮೇಸ್ತ್ರಿ ಎಂದ. ನನ್ನ ಹಾಳೆ ನೋಡಿ ಒಬ್ಬನೂ ಕದಲಲಿಲ್ಲ, ನೀವು ಒಂದು ಏಟು ಹಾಕಿದ ತಕ್ಷಣ ಹನ್ನೊಂದು ಜನ ಹೊರಟರು. ಇಂಥದ್ದಕ್ಕೆ ದುಡ್ಡು ಕೊಡುವುದು ನನಗೆ ಗೊತ್ತು. ನಾಳೆಯಿಂದ ನಿಮಗೆ ದಿನಕ್ಕೆ ಇನ್ನೂರೈವತ್ತು. ತೂಕದ ಲೆಕ್ಕ ಇಲ್ಲ, ಮರ ಹತ್ತುವುದು ಬೇಡ. ಬೆಳಿಗ್ಗೆ ಬಂದು ಒಂದು ಏಟು ಹಾಕಿ, ಆಮೇಲೆ ನೆರಳಿನಲ್ಲಿ ಕೂತಿರಿ.

ಝೆಫರೀನು ಅವನ ಮುಖವನ್ನೇ ನೋಡಿದ. ಮೂವತ್ತಾರು ವರ್ಷ ತಾಯಿಯನ್ನು ಮುಟ್ಟದೆ ತೊಗಟೆ ಇಳಿಸಿದ್ದಕ್ಕೆ ನೂರಮೂವತ್ತು. ಆ ನೂರಮೂವತ್ತನ್ನೂ ಇವನು ಎಪ್ಪತ್ತೈದಕ್ಕೆ ತಂದಿದ್ದ. ಜೀವಮಾನದಲ್ಲಿ ಮಾಡಿದ ಒಂದೇ ಒಂದು ಹಲ್ಕಾ ಕೆಲಸಕ್ಕೆ ಇನ್ನೂರೈವತ್ತು. ಬಾಯಿಗೆ ಬಂದ ಬೈಗುಳಗಳಲ್ಲಿ ಯಾವುದೂ ಸಾಕಾಗುವಷ್ಟು ದೊಡ್ಡದಿರಲಿಲ್ಲ. ನಾಳೆ ಹೇಳ್ತೀನಿ ಎಂದು ಹೇಳಿ ಮನೆಗೆ ಹೋದ. ಹೋಗುತ್ತ ದಾರಿಯುದ್ದಕ್ಕೂ, ಯಾಕೆ ನಾಳೆ ಹೇಳ್ತೀನಿ ಅಂದೆ, ಈಗಲೇ ಯಾಕೆ ಅವನ ಮುಖಕ್ಕೆ ಉಗುಳಲಿಲ್ಲ ಎಂದು ತನ್ನನ್ನೇ ಬೈದುಕೊಂಡ. ಇನ್ನೂರೈವತ್ತು ಎಂದು ಕೇಳಿದಾಗ ಒಂದು ಕ್ಷಣ ಹಿತವಾಗಿತ್ತು, ಅದು ನಿಜ. ಯಾರಾದರೂ ಅವನಿಗೆ ಇಷ್ಟು ಬೆಲೆ ಕಟ್ಟಿದ್ದು ಅದೇ ಮೊದಲು.

ಶುಕ್ರವಾರವೂ ಗಾಳಿ ಬೀಸುತ್ತಿತ್ತು. ಇನ್ನೂರೈವತ್ತರ ಸುದ್ದಿ ಅವನಿಗಿಂತ ಮುಂಚೆ ಗುಡ್ಡ ಹತ್ತಿತ್ತು. ಹನ್ನೊಂದು ಜನ ಹೊಸ ಮರವೊಂದರ ಸುತ್ತ ನಿಂತು ಅವನು ಬರುವುದನ್ನೇ ನೋಡುತ್ತಿದ್ದರು. ಎಂಜಿನಿಯರ್ ಕಾರಿಗೆ ಒರಗಿ ನಿಂತಿದ್ದ. ಝೆಫರೀನು ಮರವನ್ನು ಬಡಿಯಲೂ ಇಲ್ಲ.

“ನಿನ್ನೆ ನಾನು ಹಾಕಿದ್ದು ಏಟಲ್ಲ, ಹಲ್ಕಾ ಕೆಲಸ,” ಎಂದ, ಆಳುಗಳ ಕಡೆ ತಿರುಗಿ. “ಇವತ್ತು ಮೂಕ. ಇನ್ನೂರೈವತ್ತಕ್ಕೂ ಮೂಕ. ಸಾವಿರ ಕೊಟ್ರೂ ಮೂಕ.”

ಎಂಜಿನಿಯರ್ ಗಡಿಯಾರ ನೋಡಿಕೊಂಡ. ಒಂದಿಷ್ಟೂ ದನಿ ಏರಿಸದೆ, ಹಾಗಾದರೆ ನೀವು ಇವತ್ತಿನಿಂದ ಮೇಸ್ತ್ರಿಯಲ್ಲ, ಕೆಲಸದಲ್ಲೂ ಇಲ್ಲ ಎಂದ. ಅಮಾರುವಿನ ಕಡೆ ತಿರುಗಿ, ಆ ಇನ್ನೂರೈವತ್ತು ಇನ್ನು ನಿಮ್ಮದು ಎಂದ.

ಅಮಾರು ತಕ್ಷಣ ಮುಂದೆ ಬರಲಿಲ್ಲ. ಅವನ ಮಗಳು ಎವೊರಾದಲ್ಲಿ ನರ್ಸಿಂಗ್ ಓದಲು ಸೆಪ್ಟೆಂಬರಿನಲ್ಲಿ ಹೊರಡುವವಳಿದ್ದಳು. ಆ ಊರಿನಲ್ಲಿ ಒಂದು ಕೋಣೆಯ ಬಾಡಿಗೆ ಎಷ್ಟು ಎಂದು ಅವನು ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದ್ದ. ಝೆಫರೀನುವಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಅವನ ಬಾಯಿ ಸುಮ್ಮನಿರಲಿಲ್ಲ.

“ಹೋಗೋ, ಹಾಕು ಏಟು. ನಿನ್ನ ರೇಟು ಎಷ್ಟು ಅಂತ ಎಲ್ರಿಗೂ ಗೊತ್ತಾಗ್ಲಿ.”

ಅಮಾರುವಿನ ಮುಖ ಕೆಂಪಗಾಯಿತು. ಅವನು ಭಾವನ ಹತ್ತಿರ ಬಂದು, ಕೂಗಾಡದೆ, ಬೇರೆಯವರಿಗೂ ಕೇಳಿಸುವಷ್ಟು ಹೇಳಿದ.

“ನಾನು ಮಗಳಿಗೋಸ್ಕರ ಕಡೀತೀನಿ ಭಾವ. ನೀನು ನಿನ್ನೆ ಯಾರಿಗೋಸ್ಕರ ಕಡದೆ? ಮಾತಲ್ಲಿ ಸೋತೆ ಅಂತ ಕಡದೆ. ಆ ಮರ ಏನು ಮಾಡಿತ್ತು ನಿಂಗೆ?”

ಅಮಾರು ಹೋಗಿ ಏಟು ಹಾಕಿದ. ಆರು ಜನ ಅವನ ಹಿಂದೆ ಹೋದರು. ನಾಲ್ಕು ಜನ ಹೋಗಲಿಲ್ಲ. ಕೊಡಲಿ ಚೀಲಕ್ಕೆ ಹಾಕಿಕೊಂಡು, ಝೆಫರೀನುವಿನ ಮುಖವನ್ನೂ ನೋಡದೆ ಇಳಿಜಾರಿನ ದಾರಿ ಹಿಡಿದರು. ಅವರು ಹೊರಟಿದ್ದು ಮರಕ್ಕಾಗಿ, ತನಗಾಗಿ ಅಲ್ಲ ಎಂದು ಅವನಿಗೆ ಗೊತ್ತಾಯಿತು.

ಅವನು ಕೆಳಗಿಳಿಯಲಿಲ್ಲ. ನಿನ್ನೆಯ ಮರದ ಹತ್ತಿರ ಹೋಗಿ ಮಂಡಿಯೂರಿದ. ಗಾಯದ ಬಿಳಿ ಒಂದೇ ದಿನದಲ್ಲಿ ಕಂದಿತ್ತು, ಅಂಚು ಸುರುಟಿಕೊಂಡು ಮೇಲೆದ್ದಿತ್ತು. ಹಾಗೇ ಬಿಟ್ಟರೆ ಚಳಿಗಾಲದ ಮಳೆನೀರು ಅದರ ಹಿಂದೆ ನಿಂತು, ಕೊಳೆ ಬುಡದ ತನಕ ಇಳಿಯುತ್ತದೆ. ಅವನು ಜೇಬಿನಿಂದ ಚಾಕು ತೆಗೆದು, ಹರಿದ ಅಂಚನ್ನು ಜೀವ ಇರುವ ಜಾಗದವರೆಗೆ ಚೂರು ಚೂರಾಗಿ ಸವರತೊಡಗಿದ. ನಿಧಾನದ ಕೆಲಸ. ಒಂದು ಗೇಣು ಸವರಲು ಕಾಲು ಗಂಟೆ ಹಿಡಿಯಿತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಸುತ್ತಲೂ ಏಳು ಕೊಡಲಿಗಳು ಬೀಳುತ್ತಿದ್ದವು, ಒಂದೊಂದು ಸಲ ಬಟ್ಟೆ ಹರಿದ ಸದ್ದು ಕೇಳಿದಾಗಲೂ ಅವನ ಕೈ ತಡೆದು ನಿಂತು ಮತ್ತೆ ಮುಂದುವರಿಯುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಪಕ್ಕದಲ್ಲಿ ಶೂ ಕಾಣಿಸಿತು. ಅದರ ಮೇಲೆ ಈಗ ಧೂಳು ಕೂತಿತ್ತು. ಎಂಜಿನಿಯರ್ ಸ್ವಲ್ಪ ಹೊತ್ತು ನೋಡುತ್ತ ನಿಂತು, ನೀವು ಕೆಲಸದಲ್ಲಿಲ್ಲ ಎಂದು ನೆನಪಿಸಿದ. ಝೆಫರೀನು ಚಾಕು ನಿಲ್ಲಿಸಲಿಲ್ಲ. ಇದು ಯಾರು ಹೇಳಿದ ಕೆಲಸ ಎಂದು ಎಂಜಿನಿಯರ್ ಕೇಳಿದ. ಚಾಕು ಇನ್ನೊಂದು ಚೂರು ಸವರಿತು. ಕೊನೆಗೆ, ಬಹುಶಃ ಒಳ್ಳೇ ಮನಸ್ಸಿನಿಂದಲೇ ಇರಬೇಕು, ಸರಿ, ಇದಕ್ಕೆ ಅರ್ಧ ದಿನದ ಕೂಲಿ ಬರೆಸುತ್ತೇನೆ ಬಿಡಿ ಎಂದ.

ಝೆಫರೀನು ತಲೆ ಎತ್ತಿದ.

“ಇದಕ್ಕೆ ದುಡ್ಡು ತಂದ್ರೆ ನಿನ್ನ ಕೈ ಮುರೀತೀನಿ,” ಎಂದ. ಸಾಹೇಬ್ರೇ ಎನ್ನಲಿಲ್ಲ. “ಬೆಳಕಿಗೆ ಅಡ್ಡ ನಿಂತಿದೀಯ. ಸರಿ ಆ ಕಡೆ.”

ಎಂಜಿನಿಯರ್ ಸರಿದ. ಇನ್ನೂ ಎರಡು ಗೇಣು ಉಳಿದಿತ್ತು.